ಇಲ್ಲದ ಜೋಡಿ

ಪಿಎಚ್‌ಡಿ ಎರಡನೇ ವರ್ಷದಲ್ಲಿ ಅಮ್ಮಂಗೆ ಫೋನ್ ಮಾಡಿ ಜೋಡಿ ನಕ್ಷತ್ರ ಸಿಕ್ತಮ್ಮ ಅಂತ ಹೇಳ್ಬಿಟ್ಟಿದ್ದೆ. ಇನ್ನೂ ಯಾರಿಗೂ ತೋರಿಸಿರಲಿಲ್ಲ, ಅದೇ ಎಡವಟ್ಟಾಗಿದ್ದು.

ಆಗ ಇದ್ದಿದ್ದು ಹವಾಯಿಯ ವೈಮಿಯಾದಲ್ಲಿ. ದನ ಮೇಯೋ ಹಸಿರು ಗುಡ್ಡ, ಜಿಟಿಜಿಟಿ ಮಳೆ, ನಮ್ ಸಕಲೇಶಪುರದ ಥರಾನೇ. ಕೆಕ್ ಟೆಲಿಸ್ಕೋಪ್ ಮೌನಾ ಕಿಯಾ ಬೆಟ್ಟದ ತುದಿಲಿ 4,100 ಮೀಟರ್ ಮೇಲಿದೆ, ನಾವು ಮಾತ್ರ ಕೆಳಗೆ ಸ್ಕ್ರೀನ್ ಮುಂದೆ ಸ್ವೆಟರ್ ಹಾಕ್ಕೊಂಡು ಕೂತಿರ್ತೀವಿ. ಹೊರಗೆ ಮಳೆ ಹನೀತಿದ್ರೂ ಮೇಲೆ ಆಕಾಶ ಕ್ಲಿಯರ್ ಇರುತ್ತೆ.

ಅದರ ಕನ್ನಡಿ 10 ಮೀಟರ್. ಗಾಳಿ ಅಂತ ಒಂದು ಇಲ್ದಿದ್ರೆ 2.2 ಮೈಕ್ರಾನ್ ಇನ್‌ಫ್ರಾರೆಡ್‌ನಲ್ಲಿ ನಕ್ಷತ್ರ 0.05 ಆರ್ಕ್‌ಸೆಕೆಂಡ್‌ನಷ್ಟು (ಒಂದು ಡಿಗ್ರಿನ 3600 ಭಾಗ ಮಾಡಿದ್ರೆ ಅದರಲ್ಲಿ ಒಂದು ಆರ್ಕ್‌ಸೆಕೆಂಡ್) ಚುಕ್ಕೆಯಾಗಿ ಕಾಣ್ಬೇಕು, ಆದ್ರೆ ಗಾಳಿ ಅದನ್ನ ಹತ್ತು ಪಟ್ಟು ಹತ್ರ ಹರಡಿಬಿಡುತ್ತೆ. ಅದಕ್ಕೇ ಅಡಾಪ್ಟಿವ್ ಆಪ್ಟಿಕ್ಸ್, ಪುಟ್ಟ ಕನ್ನಡಿಯೊಂದರ ಬೆನ್ನಿಗೆ ಅದನ್ನ ತಳ್ಳಿ ಎಳೆಯೋ 349 ಆಕ್ಚುವೇಟರ್, ಗೈಡ್ ಸ್ಟಾರ್ ಅಂತ ಗುರುತಿಗೆ ಇಟ್ಕೊಂಡ ಒಂದು ನಕ್ಷತ್ರದ ಬೆಳಕು ಹೇಗೆ ನಡುಗ್ತಿದೆ ಅಂತ ಸೆಕೆಂಡಿಗೆ ನೂರಾರು ಸಲ ನೋಡ್ಕೊಂಡು ಕನ್ನಡಿನ ಆ ಕಡೆ ಈ ಕಡೆ ಬಗ್ಗಿಸ್ತಾ ಇರೋದು. ಆದ್ರೂ ಪೂರ್ತಿ ಸರಿ ಆಗಲ್ಲ. ಮಧ್ಯ ಒಂದು ಚೂಪು ಬಿಂದು, ಸುತ್ತ ಮಂಜಲ್ಲಿ ಬೀದಿದೀಪಕ್ಕೆ ಇರುತ್ತಲ್ಲ ಆ ಥರ ಮಬ್ಬು ಉಳಿಯುತ್ತೆ. ಇದರ ಆಕಾರಕ್ಕೆ ಪಾಯಿಂಟ್ ಸ್ಪ್ರೆಡ್ ಫಂಕ್ಷನ್, ಚಿಕ್ಕದಾಗಿ ಪಿಎಸ್‌ಎಫ್ ಅಂತೀವಿ. ಅದು ಸರಿಯಾಗಿ ಗೊತ್ತಾಗ್ದೆ ನಕ್ಷತ್ರಗಳ ಗುಂಪಲ್ಲಿ ಯಾರ ಬೆಳಕು ಎಷ್ಟು ಅಂತ ಬಿಡಿಸೋಕೇ ಆಗಲ್ಲ.

ನಾನು ಸುಲಭದ ದಾರಿ ಹಿಡಿದೆ. ಗೈಡ್ ಸ್ಟಾರ್ ಫ್ರೇಮಿನ ಮೂಲೆಲೇ ಇತ್ತು, ಅದರ ಆಕಾರ ಕತ್ತರಿಸಿ ಎಲ್ಲಾ ನಕ್ಷತ್ರದಿಂದ ಕಳೆದೆ. ಹತ್ರ ಇದ್ದವು ನೀಟಾಗಿ ಮಾಯ. ಎದುರು ಮೂಲೆಲಿ ಒಂದು ಮಾತ್ರ ಎರಡೂ ಪಕ್ಕದಲ್ಲಿ ಚೂರು ಚೂರು ಬೆಳಕು ಬಿಡ್ತು, ಸಮಸಮ ಇಬ್ಬರು ಅಂಟಿಕೊಂಡು ನಿಂತ ಹಾಗೆ. ಅಷ್ಟೇ ಸಾಕಾಯ್ತು, ಫೋನ್!

ಮಾರನೇ ದಿನ ಸೀನಿಯರ್ ಏನೂ ಹೇಳ್ಲಿಲ್ಲ, ಪ್ರಿಂಟ್ ತೆಗೆಸಿ ಒಂದು ಸ್ಕೇಲ್ ಕೊಟ್ರು. ಆ ನಕ್ಷತ್ರ ಯಾವ ಕಡೆ ಉದ್ದ ಇದೆಯೋ ಹಾಗೇ ಗೆರೆ ಎಳಿ, ಪಕ್ಕದವಕ್ಕೂ ಎಳಿ ಅಂದ್ರು. ಮೂರನೇ ಗೆರೆಗೇ ಬೆವರು ಬಂತು. ಎಲ್ಲವೂ ಹೋಗಿ ಗೈಡ್ ಸ್ಟಾರ್ ಹತ್ರಾನೇ ಸೇರ್ತಿದ್ವು.

ಆಮೇಲೆ ಅರ್ಥ ಆಯ್ತು, ಮೂಲೆಯ ನಕ್ಷತ್ರದ ಬೆಳಕು ಮೇಲೆಲ್ಲೋ ಬೇರೆ ಗಾಳಿ ದಾಟಿ ಬಂದಿರುತ್ತೆ, ಕನ್ನಡಿ ಬಗ್ಗಿದ್ದು ಗೈಡ್ ಸ್ಟಾರ್ ದಿಕ್ಕಿಗೆ ಮಾತ್ರ, ದೂರ ಹೋದಷ್ಟೂ ತಪ್ಪು ಜಾಸ್ತಿ, ಅದೂ ಗೈಡ್ ಸ್ಟಾರ್ ಕಡೆಗಿನ ಗೆರೆಯಲ್ಲೇ ಹೆಚ್ಚು. ಬೆಳಕಿನ ನಡುಕ ಅಳೆಯೋ ಸೆನ್ಸರ್ ಮತ್ತು ಬಗ್ಗೋ ಕನ್ನಡಿಯ ರೆಕಾರ್ಡಿಂದಲೇ ಪಿಎಸ್‌ಎಫ್ ಲೆಕ್ಕ ಹಾಕೋ ವಿಧಾನ ಒಂದಿದೆ, ವೆರಾನ್ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು 1997ರಲ್ಲೇ ಪ್ರಕಟಿಸಿದ್ದು. ಅದರ ಜೊತೆ ಗಾಳಿ ಯಾವ ಎತ್ತರದಲ್ಲಿ ಎಷ್ಟು ಕಲಕಿತ್ತು ಅನ್ನೋ ಅಳತೆನೂ ಸೇರಿಸಿ ಮೂರು ವಾರ ಗುದ್ದಾಡಿದ್ಮೇಲೆ ನನ್ನ ಜೋಡಿ ಒಂದೇ ನಕ್ಷತ್ರ ಆಗಿ ಸುಮ್ನೆ ಕೂತ್ಕೊಂಡ್ತು.

ಅಷ್ಟೊತ್ತಿಗೆ ಅಮ್ಮ ಹಾಸನದ ದೊಡ್ಡಮ್ಮಂಗೂ ಹೇಳಿಯಾಗಿತ್ತು. ಈಗ್ಲೂ ಯಾರದ್ದಾದ್ರೂ ಮದುವೇಲಿ ಸಿಕ್ಕಿದ್ರೆ "ನಿನ್ ಜೋಡಿ ಏನಾಯ್ತೋ?" ಅಂತಾರೆ, ಯಾವ ಜೋಡಿ ಕೇಳ್ತಿದಾರೋ ಗೊತ್ತಾಗ್ದೆ ಊಟದ ಹಾಲ್ ಕಡೆ ನಡೀತೀನಿ.