ಮೈನಸ್ ಏಳು

ಏಪ್ರಿಲ್ 8, 2025, ಮಂಗಳವಾರ
ರಾಯಚೂರು

ಬೆಳಿಗ್ಗೆ ಅಕ್ಕ ಫೋನ್ ಮಾಡಿದ್ದಳು. ಕೆನಡಾದ ಕ್ಯಾಲ್ಗರಿಯಲ್ಲಿರುವ ಅವಳ ಮೊಮ್ಮಗ ಐಸ್ ಹಾಕಿ ಆಡುತ್ತಾನೆ, ಡಿಫೆನ್ಸ್‌ನಲ್ಲಿ. ಸೀಸನ್ ಮುಗಿದು ತಂಡದ ಪಟ್ಟಿ ಬಂದಿದೆ. ಅವನ ಹೆಸರಿನ ಮುಂದೆ ಮೈನಸ್ 7. "ಹುಡುಗ ಊಟ ಬಿಟ್ಟು ಕುಂತಾನಂತ ತಮ್ಮಾ. ಅಷ್ಟು ಕೆಟ್ಟ ಆಡ್ಯಾನೇನು?"

ಇಲ್ಲಿನ ಕ್ರಿಕೆಟ್ ಪಂದ್ಯಗಳಿಗೆ 15 ವರ್ಷ ಸ್ಕೋರ್ ಬರೆದವನು ನಾನು. ಅದಕ್ಕೇ ನನ್ನನ್ನು ಕೇಳಿದಳು. ಐಸ್ ಹಾಕಿಯ ಲೆಕ್ಕವನ್ನೂ ಆ ಹುಡುಗನಿಗಾಗಿಯೇ ಕಲಿತಿದ್ದೇನೆ.

ಪ್ಲಸ್-ಮೈನಸ್ ಅಂದರೆ ಇಷ್ಟೇ. ನೀನು ಐಸ್ ಮೇಲಿದ್ದಾಗ ನಿಮ್ಮವರು ಗೋಲು ಹೊಡೆದರೆ ನಿನಗೆ ಪ್ಲಸ್ 1, ಎದುರಿನವರು ಹೊಡೆದರೆ ಮೈನಸ್ 1. ತಪ್ಪು ಯಾರದ್ದು ಅಂತ ಯಾರೂ ನೋಡುವುದಿಲ್ಲ. ಅತ್ತ ಮೂಲೆಯಲ್ಲಿ ಒಬ್ಬ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕಳೆದುಕೊಂಡರೂ ಅಲ್ಲಿದ್ದ ಐದೂ ಜನಕ್ಕೆ ಮೈನಸ್. ಪವರ್ ಪ್ಲೇಯಲ್ಲಿ, ಅಂದರೆ ಎದುರಿನವನೊಬ್ಬ ಶಿಕ್ಷೆಯಾಗಿ ಹೊರಗೆ ಕೂತಿರುವಾಗ, ಹೊಡೆದ ಗೋಲು ಈ ಲೆಕ್ಕಕ್ಕೇ ಬರುವುದಿಲ್ಲ.

ಬಾಬಿ ಆರ್ 1970-71ರಲ್ಲಿ ಪ್ಲಸ್ 124 ಮಾಡಿದ. ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ಸೀಸನ್ನಿಗೆ ಇವತ್ತಿಗೂ ಅದೇ ದಾಖಲೆ. ಆರ್ ದೊಡ್ಡ ಆಟಗಾರ, ಅನುಮಾನವೇ ಬೇಡ. ಆದರೆ ಆ ವರ್ಷ ಅವನ ಬೋಸ್ಟನ್ ತಂಡ 78 ಪಂದ್ಯಗಳಲ್ಲಿ 399 ಗೋಲು ಹೊಡೆದಿತ್ತು. ಜೊತೆಗಾರರು ಅಂಥವರಿದ್ದರೆ ಪ್ಲಸ್ ತಾನೇ ಏರುತ್ತದೆ, ಅಲ್ವಾ? ನಮ್ಮ ಹುಡುಗನನ್ನು ಕೋಚ್ ಪ್ರತಿ ಸಲ ಎದುರಾಳಿಯ ಜೋರು ಆಟಗಾರರ ಮೇಲೆಯೇ ಇಳಿಸುತ್ತಾರೆ. ನಂಬಿಕೆ ಇರುವುದಕ್ಕೇ ಇಳಿಸುತ್ತಾರೆ. ಅದನ್ನು ಬರೆಯಲು ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಗೋಲ್‌ಕೀಪರ್ ಲೆಕ್ಕದಲ್ಲೂ ಇದೇ ಪೇಚು. ಒಬ್ಬನ ಮೇಲೆ 30 ಹೊಡೆತ ಬಂದವು, 27 ತಡೆದ. ಇನ್ನೊಬ್ಬನ ಮೇಲೆ 20 ಬಂದವು, 18 ತಡೆದ. ಇಬ್ಬರ ಸೇವ್ ಪರ್ಸೆಂಟೇಜ್ ಒಂದೇ, .900. ಬಿಟ್ಟ ಗೋಲು ನೋಡಿದರೆ ಮಾತ್ರ ಮೊದಲನೆಯವನು 3, ಎರಡನೆಯವನು 2. ಆ ಒಂದು ಗೋಲಿನ ವ್ಯತ್ಯಾಸ ಗೋಲ್‌ಕೀಪರ್‌ನದಲ್ಲ, ಮುಂದೆ ನಿಂತವರು 10 ಹೊಡೆತ ಜಾಸ್ತಿ ಬಿಟ್ಟದ್ದು.

ಮೊನ್ನೆ ಭಾನುವಾರ ಅದೇ ಲೀಗಿನ ಒವೆಚ್ಕಿನ್ ತನ್ನ 895ನೇ ಗೋಲು ಹೊಡೆದು, ಹಿಂದಿನ ದೊಡ್ಡ ಆಟಗಾರ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆ ದಾಟಿದ. ಎಲ್ಲರೂ ಅದನ್ನೇ ಮಾತಾಡುತ್ತಿದ್ದಾರೆ. ನನಗೆ ಗ್ರೆಟ್ಸ್ಕಿಯ 1963 ಅಸಿಸ್ಟ್‌ಗಳೇ ದೊಡ್ಡವು. ಗೋಲಿಗೆ ಮುಂಚೆ ಪಾಸ್ ಕೊಟ್ಟ ಇಬ್ಬರವರೆಗೂ ಅಸಿಸ್ಟ್ ಸಿಗುತ್ತದೆ. ನಮ್ಮ ಹುಡುಗನ ಹೆಸರಲ್ಲಿ ಗೋಲು 2, ಅಸಿಸ್ಟ್ 11. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೇ ಆಡಿಲ್ಲ!

ಅಕ್ಕನ ಮಗಳಿಗೆ ಹೇಳಿ ಒಂದು ಪಂದ್ಯದ ವಿಡಿಯೋ ತರಿಸಿಕೊಂಡೆ. ಮಧ್ಯಾಹ್ನದ ಬಿಸಿಲಿಗೆ ಹೇಗೂ ಹೊರಗೆ ಹೋಗುವಂತಿರಲಿಲ್ಲ. ಹಳೇ ಸ್ಕೋರ್ ಪುಸ್ತಕದ ಖಾಲಿ ಹಾಳೆಯಲ್ಲಿ ಗೆರೆ ಎಳೆದು ಕೂತೆ. ಹುಡುಗ ಐಸ್ ಮೇಲಿದ್ದಾಗ ಎರಡೂ ಕಡೆಯವರು ಗೋಲಿನತ್ತ ಹೊಡೆದ ಪ್ರತಿ ಹೊಡೆತವನ್ನೂ ಎಣಿಸಿದೆ. ಗುರಿ ತಪ್ಪಿದ್ದು, ಅಡ್ಡ ನಿಂತವನಿಗೆ ಬಡಿದದ್ದು ಎಲ್ಲವೂ ಸೇರಿ. ಇದಕ್ಕೆ ಕೋರ್ಸಿ ಅನ್ನುತ್ತಾರೆ. ಬಫಲೋ ತಂಡದಲ್ಲಿ ಗೋಲ್‌ಕೀಪರ್‌ಗಳಿಗೆ ಕೋಚ್ ಆಗಿದ್ದ ಜಿಮ್ ಕೋರ್ಸಿಯ ಹೆಸರು ಅದು.

ನಮ್ಮವರು 14, ಅವರು 9. ಆ ಪಂದ್ಯದಲ್ಲಿ ಅವನಿಗೆ ಸಿಕ್ಕಿದ್ದು ಮೈನಸ್ 2.

ಒಂದೇ ಪಂದ್ಯದಿಂದ ಏನೂ ಹೇಳಬಾರದು. ಇನ್ನೂ ಒಂಬತ್ತು ವಿಡಿಯೋ ಕೇಳಿದ್ದೇನೆ. ಈ ಹಾಳೆಯ ಫೋಟೋವನ್ನು ಮಾತ್ರ ಈಗಲೇ ಹುಡುಗನಿಗೆ ಕಳಿಸಿದೆ.