ಹರಳಿನೊಳಗಿನ ನೀರು: ಮ್ಯಾಪ್‌ನಲ್ಲಿ ಕಂಡ ಗುಡ್ಡೆಯೆಲ್ಲ ನೀರಲ್ಲ

ಪ್ರೋಟೀನ್ ಹರಳು ಒಣ ವಸ್ತುವಲ್ಲ. ಅದರ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದ್ರಾವಣವೇ ಇರುತ್ತದೆ. ದಾವಣಗೆರೆಯ ಎಂಎಸ್ಸಿ ಮಕ್ಕಳು ಮೊದಲು ಬೆಳೆಸಿ ನೋಡುವ ಕೋಳಿಮೊಟ್ಟೆಯ ಲೈಸೋಜೈಮ್ ಎಂಬ ಪ್ರೋಟೀನಿನ ಟೆಟ್ರಾಗೋನಲ್ (ಚೌಕ ತಳದ ಜೋಡಣೆಯ) ಹರಳಿನಲ್ಲಿ ಇದು ಸುಮಾರು 40%. ಈ ನೀರು ಹೋದರೆ ಅಣುಗಳ ಜೋಡಣೆಯೇ ಕೆಡುತ್ತದೆ. 1934ರಲ್ಲಿ ಬರ್ನಲ್ ಮತ್ತು ಡೊರೊಥಿ ಕ್ರೌಫುಟ್ ಪೆಪ್ಸಿನ್ ಹರಳನ್ನು ಅದು ಬೆಳೆದ ತಾಯಿದ್ರಾವಣದ ಜೊತೆಯಲ್ಲೇ ಗಾಜಿನ ನಳಿಕೆಯೊಳಗೆ ಇಟ್ಟ ಮೇಲೆಯೇ ಎಕ್ಸ್‌ರೇ ಚುಕ್ಕೆಗಳು ಸ್ಪಷ್ಟವಾಗಿ ಮೂಡಿದ್ದು. ಇಂಥ ಚುಕ್ಕೆಗಳಿಂದ ಲೆಕ್ಕ ಹಾಕಿ ಬಿಡಿಸುವ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯೇ ಮ್ಯಾಪ್; ಸಾಂದ್ರತೆ ಹೆಚ್ಚಿರುವ ಕಡೆ ಅದರಲ್ಲಿ ಗುಡ್ಡೆ ಕಾಣುತ್ತದೆ.

ನಮ್ಮ ಕಡೆ ಈ ಮಾತು ಮಾರ್ಚ್‌ನಿಂದ ಮೇವರೆಗೆ ಚೆನ್ನಾಗಿ ಅರ್ಥವಾಗುತ್ತದೆ. ಹೊರಗೆ 38 ಡಿಗ್ರಿ, ಒಣಗಾಳಿ, ಮೇಲೆ ಫ್ಯಾನ್. ಹರಳು ಬೆಳೆಯುವ ಹನಿ ಕವರ್‌ಸ್ಲಿಪ್ ಎಂಬ ತೆಳುಗಾಜಿಗೆ ಅಂಟಿ, ದ್ರಾವಣ ತುಂಬಿದ ಪುಟ್ಟ ಬಾವಿಯ ಮೇಲೆ ತೂಗುತ್ತಿರುತ್ತದೆ. ಕವರ್‌ಸ್ಲಿಪ್ ಎತ್ತಿ ಮೈಕ್ರೋಸ್ಕೋಪ್ ಕೆಳಗಿಟ್ಟ 4 ಮೈಕ್ರೋಲೀಟರ್ ಹನಿ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಮೊದಲು ಉಪ್ಪಿನ ಪದರ ಕಟ್ಟುತ್ತದೆ, ಆಮೇಲೆ ಹರಳು ಬಿರುಕು ಬಿಡುತ್ತದೆ. ಫ್ಯಾನ್ ಆರಿಸಿ, ಅದೇ ಬಾವಿಯ ದ್ರಾವಣ ತುಂಬಿದ ಪೈಪೆಟ್ ಕೈಯಲ್ಲಿ ಹಿಡಿದುಕೊಂಡೇ ಕವರ್‌ಸ್ಲಿಪ್ ಎತ್ತಿ. ಹನಿ ಕುಗ್ಗುವ ಮೊದಲೇ 1–2 ಮೈಕ್ರೋಲೀಟರ್ ಸೇರಿಸಿ. ಬೋರ್‌ವೆಲ್ ನೀರನ್ನು ಫಿಲ್ಟರ್ ಮಾಡಿದರೆ ಸಾಕು ಅನ್ನುವವರಿದ್ದಾರೆ. ಸಾಕಾಗುವುದಿಲ್ಲ. ಅದರೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಫಿಲ್ಟರ್ ಕಾಗದಕ್ಕೆ ಸಿಗುವಂಥದ್ದಲ್ಲ. ಪಿಎಚ್ ಕಾಯುವ ಬಫರ್ ದ್ರಾವಣಕ್ಕೆ ಅಯಾನು ತೆಗೆದ ನೀರೇ ಬೇಕು.

ಬೆಳೆಸುವ ವಿಧಾನ ಸುಲಭ. ಬಾವಿಯಲ್ಲಿ 0.1 ಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 4.6, ಜೊತೆಗೆ 8% ಉಪ್ಪು. ಒಟ್ಟು 500 ಮೈಕ್ರೋಲೀಟರ್. ಕವರ್‌ಸ್ಲಿಪ್ ಮೇಲೆ ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ಲೈಸೋಜೈಮ್ 2 ಮೈಕ್ರೋಲೀಟರ್, ಬಾವಿಯ ದ್ರಾವಣ 2 ಮೈಕ್ರೋಲೀಟರ್. ಅಂಚಿಗೆ ಗ್ರೀಸ್ ಸುತ್ತ ಬಿಡುವಿಲ್ಲದಂತೆ ಹಚ್ಚಿ ಮುಚ್ಚಿ, 18–20 ಡಿಗ್ರಿಯಲ್ಲಿ ಅಲುಗಾಡದಂತೆ ಬಿಡಿ. ಕರೆಂಟ್ ಹೋಗಿ ಕೋಣೆ 25 ಡಿಗ್ರಿ ದಾಟಿದರೆ ಪ್ರೋಟೀನ್ ಹೆಚ್ಚು ಕರಗುತ್ತದೆ, ಆರ್ಥೋರಾಂಬಿಕ್ ಎಂಬ ಬೇರೆ ಜೋಡಣೆಯ ಹರಳು ಬರುವ ಸಾಧ್ಯತೆಯೂ ಹೆಚ್ಚುತ್ತದೆ. ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟರೆ ಅಷ್ಟರಮಟ್ಟಿಗೆ ಉಳಿಯುತ್ತದೆ.

ಇನ್ನು ಒಳಗಿನ ನೀರಿನ ಜೋಡಣೆಗೆ ಬರೋಣ. ಪ್ರೋಟೀನಿನ ಮೈಗೆ ತಾಗಿದ ಮೊದಲ ಪದರದ ನೀರು ಆಮ್ಲಜನಕ, ಸಾರಜನಕ ಪರಮಾಣುಗಳಿಂದ ಸುಮಾರು 2.8 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ದೂರದಲ್ಲಿ ಹೈಡ್ರೋಜನ್ ಬಂಧ ಹಿಡಿದು ನಿಲ್ಲುತ್ತದೆ. ಇಂಗಾಲದ ಪರಮಾಣುಗಳ ಬಳಿಯಾದರೆ 3.5–4 ಆಂಗ್‌ಸ್ಟ್ರಾಮ್ ದೂರ ಸರಿದು, ತನ್ನ ಬಂಧಗಳನ್ನು ಬೇರೆ ನೀರಿನ ಜೊತೆ ಮಾಡಿಕೊಳ್ಳುತ್ತದೆ. ಕ್ರ್ಯಾಂಬಿನ್ ಎಂಬ ಪುಟ್ಟ ಪ್ರೋಟೀನಿನ ಹರಳಿನಲ್ಲಿ ನೀರು ಐದು ಮೂಲೆಯ ಉಂಗುರಗಳಾಗಿ ನಿಂತಿದ್ದು 1984ರಲ್ಲೇ ಪ್ರಕಟವಾಗಿದೆ. ಸಂದಿಗಳಲ್ಲಿ, ಮಡಿಕೆಗಳಲ್ಲಿ, ಪಕ್ಕದ ಅಣು ಬಂದು ತಾಗುವ ಕಡೆಗಳಲ್ಲಿ ನೀರು ಗಟ್ಟಿಯಾಗಿ ಕೂರುತ್ತದೆ. ಎರಡನೇ ಪದರ ಅಲ್ಲಲ್ಲಿ ಮಾತ್ರ ಕಾಣುತ್ತದೆ. ಅದರಾಚೆಯದು ಹರಿದಾಡುವ ನೀರು. ಅದನ್ನು ಒಂದೊಂದಾಗಿ ಇಡಲು ಬರುವುದಿಲ್ಲ, ಸಮತಟ್ಟಾದ ಸಾಂದ್ರತೆಯೆಂದು ಪ್ರೋಗ್ರಾಂ ಲೆಕ್ಕ ಹಿಡಿಯುತ್ತದೆ.

ಯಾವ ನೀರು ಗಟ್ಟಿ, ಯಾವುದು ಸಡಿಲ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಹಿಡಿದ ದಾರಿ ಸೊಗಸಾಗಿದೆ: ಲೈಸೋಜೈಮ್ ಹರಳಿನ ಸುತ್ತ ಗಾಳಿಯ ತೇವವನ್ನು ಬೇಕೆಂದೇ ಇಳಿಸುವುದು. ಸಾಪೇಕ್ಷ ಆರ್ದ್ರತೆ 90%ರ ಆಸುಪಾಸಿಗೆ ಬಂದಾಗ ಹರಳು ಒಡೆಯದೆ, ಕುಗ್ಗಿದ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಎರಡೂ ರೂಪಗಳಲ್ಲಿ ಜಾಗ ಬಿಡದ ನೀರು ಯಾವುದೋ ಅದೇ ಪ್ರೋಟೀನಿನ ಭಾಗವೆಂದು ನಂಬಬಹುದಾದ ನೀರು.

ತಪ್ಪು ಹೆಚ್ಚಾಗುವುದು ಕಂಪ್ಯೂಟರ್ ಮುಂದೆ. ಡೇಟಾ ಕಲೆಹಾಕಲು ಇಂದೋರಿನ ಇಂಡಸ್-2 ಎಂಬ ಸಿಂಕ್ರೋಟ್ರಾನ್ ಎಕ್ಸ್‌ರೇ ಕೇಂದ್ರಕ್ಕೇ ಹೋಗಬೇಕೆಂದಿಲ್ಲ. ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಲೈಸೋಜೈಮ್ ಡೇಟಾ ಇಳಿಸಿಕೊಂಡು ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಕಲಿಯಬಹುದು. ಮ್ಯಾಪ್ ನೋಡಿ ಅಣುವಿನ ಮಾದರಿ ಕಟ್ಟುವ ಕೂಟ್ ಪ್ರೋಗ್ರಾಮಿನಲ್ಲಿ ನೀರು ಹುಡುಕುವ ಬಟನ್ ಒತ್ತಿದರೆ ಕ್ಷಣದಲ್ಲಿ ನೂರಾರು ನೀರು ಬಂದು ಕೂರುತ್ತವೆ. ಮಿರ್ಚಿ ಜೊತೆ ಮಂಡಕ್ಕಿ ಸುರಿದ ಹಾಗೆ ನೀರು ಸುರಿಯುವ ಆಸೆ ಹುಟ್ಟುವುದೇ ಆಗ. ಅಮೈನೋ ಆಮ್ಲಗಳ ಪಕ್ಕಸರಪಳಿಗಳು, ಅವುಗಳ ಎರಡನೇ ನಿಲುವುಗಳು, ಲಿಗ್ಯಾಂಡ್ (ಪ್ರೋಟೀನಿಗೆ ಅಂಟಿದ ಬೇರೆ ಅಣು) ಎಲ್ಲ ಮುಗಿಯುವ ತನಕ ಆ ಬಟನ್ ಮುಟ್ಟಬೇಡಿ. ಮುಟ್ಟಿದರೆ ಬಿಟ್ಟುಹೋದ ಲೈಸಿನ್ ಎಂಬ ಅಮೈನೋ ಆಮ್ಲದ ಬಾಲದಲ್ಲಿ ನೀರು ಕೂತುಬಿಡುತ್ತದೆ, ಆಮೇಲೆ ಅಲ್ಲಿ ಲೈಸಿನ್ ಇತ್ತೆಂಬುದೇ ಕಾಣುವುದಿಲ್ಲ.

ನೀರೆಂದು ಒಪ್ಪಲು, ವ್ಯತ್ಯಾಸದ ಮ್ಯಾಪ್‌ನಲ್ಲಿ (ಡೇಟಾದಲ್ಲಿದ್ದು ಮಾದರಿಯಲ್ಲಿಲ್ಲದ್ದನ್ನು ಹಸಿರಾಗಿ ತೋರಿಸುವ ಮ್ಯಾಪ್) 3 ಸಿಗ್ಮಾ (ಮ್ಯಾಪ್‌ನ ಏರಿಳಿತದ ಅಳತೆ) ಮೀರಿದ ಹಸಿರು ಗುಡ್ಡೆ ಇರಬೇಕು, 2.4ರಿಂದ 3.2 ಆಂಗ್‌ಸ್ಟ್ರಾಮ್ ಒಳಗೆ ಬಂಧಕ್ಕೆ ಒದಗುವ ಪರಮಾಣು ಇರಬೇಕು. ಮಾದರಿಯನ್ನು ಡೇಟಾಕ್ಕೆ ಹೊಂದಿಸಿ ರಿಫೈನ್ ಮಾಡಿದ ಮೇಲೆ ಮುಖ್ಯ ಮ್ಯಾಪ್‌ನಲ್ಲಿ 1 ಸಿಗ್ಮಾಕ್ಕಿಂತ ಕೆಳಗಿಳಿದದ್ದನ್ನು, ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗುತ್ತದೆಂಬ ಅಳತೆ) 80 ದಾಟಿದ್ದನ್ನು ಅನುಮಾನಿಸಿ. ಹರಳಿನಲ್ಲಿ ಅಕ್ಕಪಕ್ಕ ಕೂತ ಸಿಮೆಟ್ರಿ ಅಣುಗಳನ್ನು ಪರದೆಯಲ್ಲಿ ತೋರಿಸದೆ ಏನನ್ನೂ ಅಳಿಸಬೇಡಿ. ಒಂಟಿಯಾಗಿ ಕಾಣುವ ನೀರು ಪಕ್ಕದ ಅಣುವನ್ನು ಹಿಡಿದಿರಬಹುದು. ಎರಡು-ಮಡಿ ಅಕ್ಷದ (ಅರ್ಧ ಸುತ್ತು ತಿರುಗಿಸಿದರೂ ಹರಳಿನ ಜೋಡಣೆ ಹಾಗೇ ಉಳಿಯುವ ಗೆರೆ) ಮೇಲೆಯೇ ಕೂತ ನೀರಿಗೆ ಆಕ್ಯುಪೆನ್ಸಿ, ಅಂದರೆ ಆ ಜಾಗದ ಪಾಲು, 0.5 ಕೊಡಬೇಕು, ಇಲ್ಲವಾದರೆ ಅದೇ ನೀರು ಎರಡು ಸಲ ಎಣಿಕೆಯಾಗುತ್ತದೆ.

ಎಷ್ಟು ನೀರು ಸರಿ? 2 ಆಂಗ್‌ಸ್ಟ್ರಾಮ್ ರೆಸಲ್ಯೂಷನ್‌ನಲ್ಲಿ (ಡೇಟಾದ ಸೂಕ್ಷ್ಮತೆ; ಅಂಕಿ ಇಳಿದಷ್ಟೂ ವಿವರ ಹೆಚ್ಚು) ಒಂದು ಅಮೈನೋ ಆಮ್ಲಕ್ಕೆ ಸುಮಾರು ಒಂದು. ಲೈಸೋಜೈಮ್‌ನಲ್ಲಿ 129 ಅಮೈನೋ ಆಮ್ಲ ಇವೆ, ನೀರೂ ಅಂದಾಜು ಅಷ್ಟೇ ಆಯಿತು. 3 ಆಂಗ್‌ಸ್ಟ್ರಾಮ್‌ನ ಡೇಟಾಕ್ಕೆ ಇನ್ನೂರು ನೀರು ಇಟ್ಟಿದ್ದರೆ ನಾವು ಆ ಮಾದರಿಯನ್ನು ನಂಬುವುದಿಲ್ಲ. ಮಾದರಿಗೂ ಡೇಟಾಕ್ಕೂ ಇರುವ ಅಂತರವನ್ನು ಆರ್-ವರ್ಕ್ ಹೇಳುತ್ತದೆ; ಹೊಂದಿಸಲು ಬಳಸದೆ ಬದಿಗಿಟ್ಟ ಡೇಟಾದ ಮೇಲೆ ಅದನ್ನೇ ಅಳೆದರೆ ಆರ್-ಫ್ರೀ. ಪ್ರತಿ ಸುತ್ತಿನಲ್ಲೂ ಆರ್-ಫ್ರೀ ನೋಡಿ: ಆರ್-ವರ್ಕ್ ಇಳಿದು ಆರ್-ಫ್ರೀ ಅಲ್ಲೇ ನಿಂತಿದ್ದರೆ ನೀವು ನೀರಿಟ್ಟದ್ದು ಗದ್ದಲದ ಮೇಲೆ.

ನೀರಿನ ವೇಷದಲ್ಲಿ ಬರುವವರೂ ಉಂಟು. ಸೋಡಿಯಂ ಅಯಾನಿನಲ್ಲಿ ನೀರಿನಷ್ಟೇ, ಅಂದರೆ 10 ಎಲೆಕ್ಟ್ರಾನ್ ಇರುವುದರಿಂದ ಗುಡ್ಡೆಯ ಎತ್ತರ ನೋಡಿ ಹೇಳಲಾಗದು, ದೂರ ಅಳೆಯಬೇಕು. ಸುಮಾರು 2.4 ಆಂಗ್‌ಸ್ಟ್ರಾಮ್‌ನಲ್ಲಿ ಸುತ್ತ ಆರು ಆಮ್ಲಜನಕ ಇದ್ದರೆ ಅದು ಸೋಡಿಯಂ. ಲೈಸೋಜೈಮ್‌ನಲ್ಲೇ ಸೆರಿನ್ 60, ಸಿಸ್ಟೀನ್ 64, ಸೆರಿನ್ 72, ಆರ್ಜಿನಿನ್ 73 ಸೇರುವ ಕಡೆ ಇಂಥದೊಂದಿದೆ, ಹುಡುಕಿ ನೋಡಿ. ಮೆಗ್ನೀಸಿಯಂ ಆದರೆ ದೂರ 2.1. ಕ್ಲೋರೈಡ್ 18 ಎಲೆಕ್ಟ್ರಾನಿನದು: ನೀರಿಟ್ಟ ಮೇಲೂ ಹಸಿರು ಉಳಿಯುತ್ತದೆ, ಬಿ-ಫ್ಯಾಕ್ಟರ್ ಅಕ್ಕಪಕ್ಕದವುಗಳಿಗಿಂತ ತೀರಾ ಕಡಿಮೆಯಾಗುತ್ತದೆ, ಸಾರಜನಕದಿಂದ ದೂರ 3.2ರ ಹತ್ತಿರ ಇರುತ್ತದೆ. ಒಂದಕ್ಕೊಂದು 2.2 ಆಂಗ್‌ಸ್ಟ್ರಾಮ್‌ನಲ್ಲಿ ಅಂಟಿದ ಎರಡು ನೀರು ಕಂಡರೆ ಬಫರಿನ ಅಸಿಟೇಟ್ ಇಟ್ಟು ನೋಡಿ. ಮೂರು ನೀರಿನ ಸಾಲು ಕಂಡರೆ, 100 ಕೆಲ್ವಿನ್‌ಗೆ ತಣಿಸುವಾಗ ಮಂಜು ಕಟ್ಟದಿರಲೆಂದು ನೀವೇ ಹಾಕಿದ 25% ಗ್ಲಿಸರಾಲ್ ನೆನಪಿರಲಿ. ಅದಕ್ಕೇ ಹರಳಿಗೆ ಏನೇನು ಹಾಕಿದಿರಿ ಎಂಬ ಪಟ್ಟಿ ನೋಟ್‌ಬುಕ್ಕಿನಲ್ಲಿ ಮಾತ್ರ ಅಲ್ಲ, ಮ್ಯಾಪ್ ನೋಡುವವರ ಮೇಜಿನ ಮೇಲೂ ಇರಬೇಕು.