ಮೂರು ಪುಟದ ಪಟ್ಟಿ, 208 ಸೆಕೆಂಡು

ಹಡ್ಸನ್ ನದಿಯ ನ್ಯೂಜೆರ್ಸಿ ದಡದ ವೀಹಾಕನ್‌ನಲ್ಲಿ ಮನೆ, ಎದುರು ದಡದ ಮ್ಯಾನ್‌ಹಟನ್‌ನಲ್ಲಿ ಕಚೇರಿ. ದಿನಕ್ಕೆರಡು ಸಲ ಫೆರಿಯಲ್ಲಿ ನದಿ ದಾಟುವುದು ನನಗೆ ಊರಿನಲ್ಲಿ ಬಸ್ಸು ಹತ್ತಿ ಇಳಿದಷ್ಟೇ ರೂಢಿಯ ಸಂಗತಿಯಾಗಿತ್ತು. 2009ರ ಜನವರಿ 15ರ ಗುರುವಾರ ಹಲ್ಲುನೋವಿನಿಂದಾಗಿ ಬೇಗ ಹೊರಟು ನಾಲ್ಕು ಗಂಟೆಯ ಹೊತ್ತಿಗೆ ಫೆರಿ ನಿಲ್ದಾಣಕ್ಕೆ ಬಂದರೆ ನಮ್ಮನ್ನು ಕರೆದೊಯ್ಯಲು ಒಂದು ದೋಣಿಯೂ ಇರಲಿಲ್ಲ. ಅವೆಲ್ಲ ನದಿಯ ನಡುವೆ ತೇಲುತ್ತಿದ್ದ ವಿಮಾನದ ರೆಕ್ಕೆಗಳ ಮೇಲಿಂದ ಜನರನ್ನು ಇಳಿಸಿಕೊಳ್ಳಲು ಹೋಗಿದ್ದವು.

ನ್ಯೂಯಾರ್ಕಿನ ಲಗಾರ್ಡಿಯಾ ವಿಮಾನ ನಿಲ್ದಾಣದಿಂದ ಶಾರ್ಲಟ್ ನಗರಕ್ಕೆ ಹೊರಟಿದ್ದ ಯುಎಸ್ ಏರ್‌ವೇಸ್ 1549 ಎಂಬ ಆ ಏರ್‌ಬಸ್ ಎ320 ವಿಮಾನ ಸುಮಾರು 2,800 ಅಡಿ ಎತ್ತರದಲ್ಲಿ ಹೆಬ್ಬಾತುಗಳ ಹಿಂಡಿಗೆ ಸಿಕ್ಕಿ ಎರಡೂ ಎಂಜಿನ್‌ಗಳ ಬಲವನ್ನು ಕಳೆದುಕೊಂಡಿತ್ತು. ಅಲ್ಲಿಂದ ನೀರು ಮುಟ್ಟುವವರೆಗೆ 208 ಸೆಕೆಂಡು. ವಿಮಾನದಲ್ಲಿದ್ದ 155 ಮಂದಿಯೂ ಬದುಕುಳಿದರು. ಊರಿನ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ.

ನಾನು ಹೇಳಬೇಕೆಂದಿರುವುದು ನಿಲ್ದಾಣದಲ್ಲಿ ಕಂಡ ಒಬ್ಬರ ಬಗ್ಗೆ. ಐವತ್ತರ ಆಸುಪಾಸಿನ ವ್ಯಕ್ತಿ. ಮೊಣಕಾಲಿನವರೆಗೆ ಪ್ಯಾಂಟು ಒದ್ದೆ, ಹೆಗಲ ಮೇಲೆ ಯಾರೋ ಕೊಟ್ಟ ಕಂಬಳಿ, ಒಂದು ಕಾಲಿನಲ್ಲಿ ಮಾತ್ರ ಬೂಟು. ಹೊರಗೆ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನ ಚಳಿಯಿತ್ತು. ಅವರು ಬಂದು ಫೋನ್ ಕೊಡುವಿರಾ ಎಂದು ಕೇಳಿದರು. ಕೊಟ್ಟೆ. ಬೆರಳು ನಡುಗುತ್ತಿದ್ದುದರಿಂದ ಎರಡು ಬಾರಿ ತಪ್ಪು ಒತ್ತಿ, ಕೊನೆಗೆ ಫೋನನ್ನು ನನ್ನ ಕೈಗೇ ಹಿಂದಿರುಗಿಸಿ, ಸಂಖ್ಯೆಗಳನ್ನು ಒಂದೊಂದಾಗಿ ಹೇಳಿದರು. ಮಾತು ಅರ್ಧ ನಿಮಿಷವೂ ನಡೆಯಲಿಲ್ಲ. ಇನ್ನು ಯಾರಿಗಾದರೂ ಮಾಡಬೇಕೇ ಎಂದು ಕೇಳಿದ್ದಕ್ಕೆ, ತನಗೆ ಬಾಯಿಪಾಠವಾಗಿರುವುದು ಅದೊಂದೇ ನಂಬರ್ ಎಂದರು. ಕಚೇರಿಯದೂ ಗೊತ್ತಿಲ್ಲವೇ ಎಂದು ಕೇಳಬೇಕೆನಿಸಿತು; ನನ್ನ ಬುದ್ಧಿ ಓಡಿದ್ದು ಮೊದಲು ಆ ಕಡೆಗೆ ಎಂಬುದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮರುವರ್ಷ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖಾ ವರದಿ ಹೊರಬಂದಾಗ ಕುತೂಹಲದಿಂದ ಓದಿದೆ. ಅದರಲ್ಲಿ ನನ್ನನ್ನು ಬಿಡದೆ ಕಾಡಿದ್ದು ಚೆಕ್‌ಲಿಸ್ಟ್‌ನ ಪ್ರಸಂಗ. ಎರಡೂ ಎಂಜಿನ್ ನಿಂತಾಗ ಏನೇನು ಮಾಡಬೇಕೆಂಬ ಆ ಪಟ್ಟಿ ಮೂರು ಪುಟದ್ದು, ಅದನ್ನು ರೂಪಿಸಿದ್ದು ವಿಮಾನ 20,000 ಅಡಿಗಿಂತ ಮೇಲಿರುವಾಗ ಎಂಜಿನ್ ನಿಲ್ಲುತ್ತದೆ, ಆದ್ದರಿಂದ ಕೈಯಲ್ಲಿ ಬೇಕಾದಷ್ಟು ಸಮಯವಿರುತ್ತದೆ ಎಂಬ ಎಣಿಕೆಯ ಮೇಲೆ. ಸಹ ಪೈಲಟ್ ಜೆಫ್ರಿ ಸ್ಕೈಲ್ಸ್ ಓದುತ್ತ ಹೋದರೂ ಮೂರನೇ ಒಂದು ಭಾಗ ಮುಗಿಯುವಷ್ಟರಲ್ಲಿ ನದಿ ಬಂದಿತ್ತು. ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಮಾತ್ರ ಪಟ್ಟಿಯಲ್ಲಿ ಎಷ್ಟೋ ಕೆಳಗಿದ್ದ ಒಂದು ಕೆಲಸವನ್ನು, ಅಂದರೆ ಬಾಲದಲ್ಲಿರುವ ಎಪಿಯು ಎಂಬ ಪುಟ್ಟ ಎಂಜಿನ್ ಚಾಲೂ ಮಾಡುವುದನ್ನು, ಸರದಿಗೆ ಕಾಯದೆ ಮೊದಲೇ ಮಾಡಿಬಿಟ್ಟಿದ್ದರು; ವಿಮಾನದ ವಿದ್ಯುತ್ತು ಕೈಕೊಡದೆ ಉಳಿದದ್ದು ಅದರಿಂದ. ಪೈಲಟ್‌ಗಳಿಗೆ ಕಲಿಸುವ ಕ್ರಮವೊಂದಿದೆಯಂತೆ: ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಮಾತು ಕೊನೆಗೆ. ನಿಯಂತ್ರಣ ಕೊಠಡಿಯಿಂದ ಒಂದಾದ ಮೇಲೊಂದು ರನ್‌ವೇ ಸೂಚಿಸುತ್ತಿದ್ದರೂ, ಹಡ್ಸನ್‌ನಲ್ಲಿ ಇಳಿಯುತ್ತೇವೆ ಎಂದು ತಿಳಿಸಿದ ಮೇಲೆ ಕ್ಯಾಪ್ಟನ್ ಉತ್ತರಿಸುವುದನ್ನೇ ಬಿಟ್ಟರು. ಅವರ ಜಾಣ್ಮೆ ಏನೇನು ಮಾಡಿದರು ಎಂಬುದರಲ್ಲಿದ್ದಷ್ಟೇ ಏನೇನನ್ನು ಮಾಡದೆ ಬಿಟ್ಟರು ಎಂಬುದರಲ್ಲೂ ಇತ್ತೆಂದು ನನಗೆ ತೋರುತ್ತದೆ. ಇದನ್ನು ಪವಾಡವೆನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ, ಒಪ್ಪುವುದೂ ಇಲ್ಲ.

ಹೊರನಾಡಿನಲ್ಲಿರುವ ನಮ್ಮ ಪಟ್ಟಿಗಳೂ ಬಹಳ ಎತ್ತರದಲ್ಲಿ ಹಾರುತ್ತಿದ್ದೇವೆ ಎಂದುಕೊಂಡೇ ಬರೆದವು. ಮೊದಲು ಗ್ರೀನ್ ಕಾರ್ಡ್, ಆಮೇಲೆ ಮನೆಯ ಸಾಲ, ಮಕ್ಕಳ ಕಾಲೇಜು. ಅದೆಲ್ಲ ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ನಾಲ್ಕು ತಿಂಗಳು ನೆಮ್ಮದಿಯಾಗಿ ಇದ್ದು ಬರುವುದು. ಕೊನೆಯ ಸಾಲು ಬರುವ ಹೊತ್ತಿಗೆ ಅವರಿರುತ್ತಾರೆಯೇ, ನಾವಿರುತ್ತೇವೆಯೇ ಎಂದು ಕೇಳಿಕೊಳ್ಳುವ ಅಭ್ಯಾಸ ನಮಗಿಲ್ಲ. ಆ ವರ್ಷದ ಸಂಕ್ರಾಂತಿ ಕಳೆದು ಒಂದು ದಿನವಾಗಿತ್ತಷ್ಟೆ. ಹಬ್ಬದ ದಿನ ಅಮ್ಮನಿಗೆ ಫೋನ್ ಮಾಡದೆ, ಹೇಗೂ ಶನಿವಾರ ಮಾಡುತ್ತೇನಲ್ಲ ಎಂದು ಸುಮ್ಮನಿದ್ದೆ.

ಫೆರಿ ಸಿಗದೆ ರೈಲಿನಲ್ಲಿ ಸುತ್ತಿಕೊಂಡು ಮನೆಗೆ ಹೊರಟಾಗ ದಾರಿಯುದ್ದಕ್ಕೂ ತಲೆಯಲ್ಲಿ ಓಡುತ್ತಿದ್ದುದು ಊರಿನ ಮನೆಯ ಲ್ಯಾಂಡ್‌ಲೈನ್ ನಂಬರ್. ಅದು ನನಗೆ ಎಸ್‌ಟಿಡಿ ಕೋಡ್ ಸಮೇತ ಬಾಯಿಪಾಠ. ಆದರೆ ಆಗಲೇ ಮಾಡುವಂತಿರಲಿಲ್ಲ. ಅಲ್ಲಿ ನಡುರಾತ್ರಿ ಕಳೆದಿತ್ತು, ಮಕ್ಕಳು ಪರದೇಶದಲ್ಲಿರುವ ಮನೆಗಳಲ್ಲಿ ಅಪರಾತ್ರಿ ಫೋನ್ ಬಡಿದುಕೊಂಡರೆ ಎದ್ದು ಬರುವವರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಶನಿವಾರಗಳಿಗೆ ಮುಂದೂಡಿದವನಿಗೆ ಅಂದಿನ ನಾಲ್ಕು ಗಂಟೆಗಳನ್ನು ಕಳೆಯುವುದು ಕಷ್ಟವಾಯಿತು.

ಆ ಸಂಜೆಯಿಂದ ಬದುಕೇ ಬದಲಾಯಿತೆಂದರೆ ಸುಳ್ಳಾದೀತು. ಕಚೇರಿಗೆ ಮರುದಿನವೂ ಹೋದೆ, ಸಾಲದ ಕಂತು ಕಟ್ಟಿದೆ, ಪಟ್ಟಿ ಇವತ್ತಿಗೂ ಇದೆ. ಅದರ ಕೊನೆಯ ಸಾಲನ್ನು ಮಾತ್ರ ಆ ಬೇಸಿಗೆಯಲ್ಲೇ, ಬಡ್ತಿಯ ಮಾತು ನಡೆಯುತ್ತಿದ್ದಾಗಲೇ, ಆರು ವಾರದ ಮಟ್ಟಿಗೆ ಮುಗಿಸಿಕೊಂಡು ಬಂದೆ. ಬಡ್ತಿ ಬೇರೆಯವರಿಗೆ ಹೋಯಿತು. ಬೇಸರವಾಗಲಿಲ್ಲವೆಂದಲ್ಲ.

ಅಂದು ರಾತ್ರಿ ಎಂಟಕ್ಕೆ, ಊರಿನಲ್ಲಿ ಶುಕ್ರವಾರ ಬೆಳಗಿನ ಆರೂವರೆಗೆ, ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದ ಅಮ್ಮ ನನ್ನ ದನಿ ಕೇಳಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಕೇಳಿದರು: "ಯಾಕೋ, ಇವತ್ತು ಶನಿವಾರ ಅಲ್ವಲ್ಲ?"